ಮೇಷ್ಟರು ಶಾಲೆ ಬಿಟ್ಟರೆ

ಅಕ್ಷರ ಕಲಿಸುವವನು ಓಟು ಕೇಳಬಾರದೆಂಬುದು ನಮ್ಮ ಅಂತರಘಟ್ಟೆಯ ಕಡೆಯ ಹಿರಿಯರ ತೀರ್ಮಾನ. ಅಧ್ಯಾಪಕ ವೃತ್ತಿಯವನಾದ ನನಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ತಿಂಗಳ ಸಂಬಳ ಎಣಿಸಿಕೊಂಡು ಕುಳಿತವನಿಗೆ ಇದಕ್ಕಿಂತ ಸುಖವಾದ ಸಿದ್ಧಾಂತ ಬೇರೆಲ್ಲಿ ದೊರೆತೀತು! ಆದರೆ ಎ. ಕೆ. ಗೋಪಾಲನ್ ಅವರ ಬಾಳನ್ನು ನೆನೆದಾಗ ಆ ಸುಖ ಸ್ವಲ್ಪ ಕದಡುತ್ತದೆ.

1904ರಲ್ಲಿ ಉತ್ತರ ಮಲಬಾರಿನಲ್ಲಿ ಹುಟ್ಟಿದ ಗೋಪಾಲನ್ ಸುಮಾರು ಏಳು ವರ್ಷ ಶಾಲೆಯ ಉಪಾಧ್ಯಾಯರಾಗಿದ್ದರು. 1930ರ ಉಪ್ಪಿನ ಸತ್ಯಾಗ್ರಹ ಅವರನ್ನು ಸೆರೆಮನೆಗೆ ಒಯ್ದಿತು. ಗುರುವಾಯೂರಿನ ದೇವಾಲಯ ಪ್ರವೇಶದ ಹೋರಾಟದಲ್ಲಿ ಪೆಟ್ಟು ತಿಂದರು. 1936ರಲ್ಲಿ ಹಸಿದವರ ಜಾಥಾವನ್ನು ಮದರಾಸಿನವರೆಗೆ ನಡೆಸಿದರು. ಕಾಂಗ್ರೆಸ್ಸಿನಿಂದ ಸಮಾಜವಾದಕ್ಕೆ, ಅಲ್ಲಿಂದ ಕಮ್ಯೂನಿಸ್ಟ್ ಪಕ್ಷಕ್ಕೆ ಬಂದರು. ದೇಶ ಸ್ವತಂತ್ರವಾದ ದಿನವೂ ಅವರು ಸೆರೆಯಲ್ಲಿದ್ದರು. ಕನ್ನಡಿಗರು ಬಾಳುವ ಕಾಸರಗೋಡು ಕ್ಷೇತ್ರ 1957, 1962, 1967ರಲ್ಲಿ ಅವರನ್ನು ಲೋಕಸಭೆಗೆ ಕಳುಹಿಸಿತು.

ದೇಶದ ಕರೆ ದೊಡ್ಡದು, ಶಾಲೆ ಚಿಕ್ಕದು ಎಂದು ಬಿಡಬಹುದಲ್ಲ ಎಂದು ಓದುಗರು ಕೇಳಬಹುದು. ನನಗೇನೋ ಈ ಸಮಾಧಾನ ಸಾಲದು. ಮಣೆಯ ಮೇಲೆ ಕುಳಿತ ಮಗುವಿಗೆ ದೇಶ ಗೊತ್ತಿಲ್ಲ; ನಾಳೆ ಮೇಷ್ಟರು ಬರುತ್ತಾರೆಂಬುದಷ್ಟೇ ಗೊತ್ತು. ಕಾಣದ ಕೋಟಿ ಜನರ ಹೆಸರಿನಲ್ಲಿ ಕಣ್ಣೆದುರಿನ ಮೂವತ್ತು ಮಕ್ಕಳನ್ನು ಬಿಡುವ ಹಕ್ಕು ಯಾರು ಕೊಟ್ಟರು? ಹಾಗೆಂದು ಉಳಿದವರೆಲ್ಲ ನಿರ್ದೋಷಿಗಳೆ? ಹಸಿದು ಬಂದ ಮಗುವಿಗೆ ಮಗ್ಗಿ ಹೇಳಿಕೊಟ್ಟು, ಹಸಿವು ನನ್ನ ಪಾಠದ ವಿಷಯವಲ್ಲ ಎನ್ನುವವನೂ ಆ ಮಗುವನ್ನು ಬಿಟ್ಟವನೇ.

ನಮ್ಮದು ಕಾಫಿಯ ಜಿಲ್ಲೆ. (ಬಯಲುಸೀಮೆಯ ಅಂತರಘಟ್ಟೆಯಲ್ಲಿ ಅಡಿಕೆ ತೆಂಗು ಉಂಟೇ ಹೊರತು ಕಾಫಿ ಗಿಡವಿಲ್ಲ, ಅದು ಬೇರೆ ಮಾತು.) ಆದ್ದರಿಂದಲೋ ಏನೋ, ಗೋಪಾಲನ್ನರ ಬಾಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಜಾಥಾ ಅಲ್ಲ, ಕಾಫಿ ಹೌಸು. ಐವತ್ತರ ದಶಕದ ನಡುವಿನಲ್ಲಿ ಕಾಫಿ ಬೋರ್ಡು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕಾಫಿ ಸೋಸುವವರು, ತಟ್ಟೆ ಹೊರುವವರು ಬೀದಿಗೆ ಬಿದ್ದರು. ಗೋಪಾಲನ್ ಅವರಿಗೆ ಕೊಟ್ಟ ಸಲಹೆ ವಿಚಿತ್ರವಾಗಿತ್ತು: ಸಹಕಾರ ಸಂಘ ಕಟ್ಟಿ, ಹೋಟೆಲನ್ನು ನೀವೇ ನಡೆಸಿ ಎಂಬುದು. ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 2009ರವರೆಗೆ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸಿನಲ್ಲಿ ಪೇಟ ಸುತ್ತಿದ ಮಾಣಿಯ ಕೈಯಿಂದ ಕಾಫಿ ಕುಡಿದವರಲ್ಲಿ ಎಷ್ಟು ಮಂದಿಗೆ, ಆ ಮಾಣಿಯೇ ಹೋಟೆಲಿನ ಪಾಲುದಾರನೆಂದು ತಿಳಿದಿತ್ತೋ!

ರಾಜಕಾರಣಿಗೆ ತನ್ನನ್ನು ನೆಚ್ಚಿದ ಜನ ಸದಾ ಬೇಕು. ಮೇಷ್ಟರಿಗೆ ಹುಡುಗ ತನ್ನ ಹಂಗಿಲ್ಲದೆ ಲೆಕ್ಕ ಮಾಡಿದರೆ ಸಂತೋಷ. ಕಾಫಿ ಹೌಸಿನ ಕೆಲಸಗಾರರ ಮುಂದೆ ನಿಂತ ಗೋಪಾಲನ್ ಮೇಷ್ಟರೇ ಆಗಿದ್ದರು. ಆದರೆ 1952ರಿಂದ 1977ರವರೆಗೂ ಅವರು ಲೋಕಸಭೆಯ ಸದಸ್ಯರು. ಅಲ್ಲಿ ಜನಕ್ಕೆ ಅವರು ಬೇಕಾಗಿಯೇ ಉಳಿದರು. ಇವೆರಡರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಮೊದಲನೆಯದು. ಆದರೂ ಶಾಲೆಯಲ್ಲಿ ಕಾದು ಕುಳಿತ ಆ ಮೂವತ್ತು ಮಕ್ಕಳ ಬಾಕಿ ಅದರಿಂದ ತೀರಿತೆಂದು ಹೇಳಲು ನನಗೆ ನಾಲಿಗೆ ಬಾರದು.