ಯಾರ ಸಂಜೆಗೆ ಸರ್ಟಿಫಿಕೇಟು?

ನಮ್ಮ ರಾಜ್ಯದ ಸಿಇಟಿ ಸೀಟುಗಳಲ್ಲಿ ಎನ್‌ಸಿಸಿ, ಸ್ಕೌಟ್ಸ್, ಕ್ರೀಡೆಗೆ ವಿಶೇಷ ಕೋಟಾ ಇದೆ. ಆಟ ಬೇಡವೆನ್ನುವವರು ನಾವಲ್ಲ. ಆದರೆ ಹಾನಗಲ್ಲ, ಸವಣೂರು, ಹಿರೇಕೆರೂರಿನ ಹಳ್ಳಿಗಳಲ್ಲಿ ಸಾಲಿ ಬಿಟ್ಟಮೇಲೆ ದನ ಕಾಯುವ, ತಂಗಿಯನ್ನು ಎತ್ತಿಕೊಳ್ಳುವ ಮಕ್ಕಳ ಸಂಜೆಗೆ ಸರ್ಟಿಫಿಕೇಟು ಯಾರು ಕೊಡತಾರ?

ಅಳತೆಗೋಲು ಎಂದೂ ಮುಗ್ಧವಲ್ಲ. ಅಮೆರಿಕದ ಹಾರ್ವರ್ಡ್ 1920ರ ದಶಕದಲ್ಲಿ ಅಂಕದ ಜೊತೆ ‘ಶೀಲ’ವನ್ನೂ ತೂಗತೊಡಗಿದ್ದು ಯಹೂದಿ ವಿದ್ಯಾರ್ಥಿಗಳನ್ನು ಕಡಿಮೆ ಮಾಡಲಿಕ್ಕೆ.

ಹಾಗಾದರೆ ನಮ್ಮ ದುಡಿಮೆಗೂ ಅಂಕ ಕೇಳೋಣವೇ? ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ. ಜಾನಪದವೀಗ ಪದವಿ. ನಮ್ಮ ಹಿರಿಯರಿಗೆ ಹಲಗೆ ಬಡಿಯುವುದು ಊರು ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಚಾಕರಿಗೆ ಅಂಕ ಬೇಡ. ಪ್ರತಿಭೆ ತೂಗುವ ಮೊದಲು ನಮ್ಮ ಮಕ್ಕಳಿಗೂ ಒಂದು ಸಂಜೆ ಕೊಡ್ರಿ, ಆಮ್ಯಾಲೆ ತೂಗ್ರಿ.