ಅವನು ನೈಜೀರಿಯಾದವನಲ್ಲ

ದಿಲ್ಲಿಗೆ ಬಂದ ಹೊಸತರಲ್ಲಿ ಯಾರಾದರೂ ನನ್ನನ್ನು ‘ಮದ್ರಾಸಿ’ ಎಂದರೆ ಉರಿದುಬೀಳುತ್ತಿದ್ದೆ. “ನಾನು ಮದ್ರಾಸಿಯಲ್ಲ, ಕನ್ನಡಿಗ” ಎಂದು ತಿದ್ದುತ್ತಿದ್ದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಹಲವರಿಗೆ ಈ ವಾಕ್ಯ ಬಾಯಿಪಾಠ. ಅದರಲ್ಲೊಂದು ತಪ್ಪಿದೆ ಎಂದು ನನಗೆ ಹೊಳೆದದ್ದು ಕಳೆದ ವರ್ಷ.

ನಮ್ಮ ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯ ಫ್ಲ್ಯಾಟನ್ನು ಇಥಿಯೋಪಿಯಾದ ವಿದ್ಯಾರ್ಥಿಯೊಬ್ಬನಿಗೆ ಬಾಡಿಗೆಗೆ ಕೊಡುವ ಮಾತು ಸಭೆಗೆ ಬಂತು. “ನೈಜೀರಿಯಾದವರು ಬೇಡ” ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ನಾನು ಎದ್ದು ನಿಂತು, “ಅವನು ನೈಜೀರಿಯಾದವನಲ್ಲ, ಇಥಿಯೋಪಿಯಾದವನು” ಎಂದೆ.

ಜೊತೆಗೆ ಒಂದಿಷ್ಟು ಭೂಗೋಳವನ್ನೂ ಹೇಳಿದೆ. ಆಫ್ರಿಕಾ ಒಂದು ದೇಶವಲ್ಲ, 54 ದೇಶಗಳಿರುವ ಖಂಡ. ವಿಸ್ತಾರ ಸುಮಾರು 3 ಕೋಟಿ ಚದರ ಕಿಲೋಮೀಟರ್, ಭಾರತದ ಒಂಬತ್ತು ಪಟ್ಟು. ಮರ್ಕೇಟರ್ ನಕ್ಷೆಯಲ್ಲಿ ಅದಕ್ಕೆ ಸರಿಸಾಟಿಯಾಗಿ ಕಾಣುವ ಗ್ರೀನ್‌ಲ್ಯಾಂಡ್ ನಿಜದಲ್ಲಿ ಅದರ ಹದಿನಾಲ್ಕರಲ್ಲಿ ಒಂದು ಪಾಲು. ಅಡಿಸ್ ಅಬಾಬಾದಿಂದ ಲಾಗೋಸ್‌ಗೆ ಇರುವ ದೂರ ಬೆಂಗಳೂರು–ದಿಲ್ಲಿ ದೂರದ ಎರಡು ಪಟ್ಟಿಗೂ ಹೆಚ್ಚು. ಇಥಿಯೋಪಿಯಾಕ್ಕೆ ತನ್ನದೇ ಲಿಪಿಯಿದೆ, 13 ತಿಂಗಳ ಪಂಚಾಂಗವಿದೆ, ನಮ್ಮ ದೋಸೆಯಂತೆ ಹಿಟ್ಟು ಹುಳಿ ಬರಿಸಿ ಮಾಡುವ ಇಂಜೆರಾ ಇದೆ. ಚಿಕ್ಕಮಗಳೂರಿನ ಅರೇಬಿಕಾ ಕಾಫಿಯ ತವರೂ ಅಲ್ಲಿನ ಕಾಡುಗಳೇ.

ಎಲ್ಲರೂ ಕೇಳಿಸಿಕೊಂಡರು. ಹುಡುಗನಿಗೆ ಮನೆ ಸಿಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: “ಅವನು ನೈಜೀರಿಯಾದವನೇ ಆಗಿದ್ದಿದ್ದರೆ?”

ನನ್ನ ಬಳಿ ಉತ್ತರವಿರಲಿಲ್ಲ. ನಾನು ತಿರಸ್ಕಾರವನ್ನು ವಿರೋಧಿಸಿರಲಿಲ್ಲ, ಅದರ ವಿಳಾಸವನ್ನಷ್ಟೇ ತಿದ್ದಿದ್ದೆ. ನೈಜೀರಿಯಾ 20 ಕೋಟಿಗೂ ಹೆಚ್ಚು ಜನರ, 500ಕ್ಕೂ ಹೆಚ್ಚು ಭಾಷೆಗಳ ನಾಡು. ಚಿನುವಾ ಅಚಿಬೆಯ ನಾಡು, 1986ರಲ್ಲಿ ನೊಬೆಲ್ ಪಡೆದ ವೋಲೆ ಸೋಯಿಂಕಾರ ನಾಡು. ಅಷ್ಟು ಜನರನ್ನೂ ಬಾಗಿಲಾಚೆ ನಿಲ್ಲಿಸಲು ನಾನೂ ಮೌನವಾಗಿ ಒಪ್ಪಿದಂತಾಗಿತ್ತು. ‘ಮದ್ರಾಸಿಯಲ್ಲ’ ಎನ್ನುವಾಗಲೂ ನಾನು ಮಾಡಿದ್ದು ಅದನ್ನೇ. ಆ ಪದದ ತಾತ್ಸಾರವನ್ನು ಪ್ರಶ್ನಿಸದೆ ತಮಿಳರ ತಲೆಗೆ ದಾಟಿಸಿ ಕೈತೊಳೆದುಕೊಂಡಿದ್ದೆ.

ಹಾಗಾದರೆ ಭೂಗೋಳದ ತಿಳಿವಳಿಕೆ ವ್ಯರ್ಥವೇ? ಅಲ್ಲ. ಒಬ್ಬರನ್ನು ಅವರ ಊರು, ನುಡಿಯಿಂದ ಗುರುತಿಸುವುದು ಗೌರವದ ಮೊದಲ ಹೆಜ್ಜೆ. ಆದರೆ ಮನೆ ಬಾಡಿಗೆಗೆ ಪಡೆಯಲು ಯಾರೂ ತಮ್ಮ ನಾಡಿನ ಹಿರಿಮೆಯನ್ನು ಸಾಬೀತುಪಡಿಸಬೇಕಾಗಬಾರದು. ನನ್ನಿಂದ ಯಾರೂ ಪಂಪನನ್ನು ಕೇಳಿರಲಿಲ್ಲ. ಕೇಳಿದ್ದು ಮುಂಗಡ ಮತ್ತು ಗುರುತಿನ ಚೀಟಿ.

ಮುಂದಿನ ಸಭೆಯಲ್ಲಿ ಇಷ್ಟನ್ನೇ ಹೇಳಿದೆ: “ನನಗೆ ಯಾವ ನಿಯಮವೋ ಅವನಿಗೂ ಅದೇ ಇರಲಿ.” ಇಬ್ಬರು ಹೌದೆಂದರು. ಅಷ್ಟರಲ್ಲಿ ಆ ಹುಡುಗ ಬೇರೆಲ್ಲೋ ಮನೆ ಹಿಡಿದಿದ್ದ. ಅವನ ಹೆಸರೇನೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಸಹ.