ಎರಡು ಚೌಕಗಳ ನಡುವೆ

ಅಮರ ಚಿತ್ರಕಥೆಯ ಹಳೆಯ ಇಂಗ್ಲಿಷ್ ಪಟ್ಟಿ ‘ಕೃಷ್ಣ’ ಪುಸ್ತಕದಿಂದ ಶುರುವಾಗುತ್ತದೆ. ಆದರೆ ಅದರ ಸಂಖ್ಯೆ 1 ಅಲ್ಲ, 11. ಅದಕ್ಕೂ ಹಿಂದಿನ ಹತ್ತು ಸಂಖ್ಯೆಗಳು ಕನ್ನಡದ ಪಾಲಿನವು. 1965ರ ಹೊತ್ತಿಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರಿಗೆ ವಿದೇಶಿ ಮಕ್ಕಳ ಕಥೆಗಳನ್ನು ಚಿತ್ರಸಮೇತ ಕನ್ನಡಕ್ಕೆ ತರುವ ಯೋಚನೆ ಬಂತು. ಮೊದಲು ಅಚ್ಚಾದದ್ದು ಆ ಪುಸ್ತಕಗಳೇ. 1967ರಿಂದ ಪುರಾಣ, ಇತಿಹಾಸಗಳ ಕಡೆಗೆ ಹೊರಳಿಸಿ ಆ ಸರಣಿಯನ್ನು ದೇಶಕ್ಕೆಲ್ಲ ಹಂಚಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಅಮರ ಚಿತ್ರಕಥೆಯ ಕಥೆಯಲ್ಲಿ ಮೊದಲ ಪುಟ ನಮ್ಮದು. ಈ ಸಂಗತಿ ತಿಳಿಯುವ ಹೊತ್ತಿಗೆ ಚಿತ್ರಕಥೆ ನನ್ನ ಬದುಕನ್ನು ತನ್ನ ದಾರಿಗೆ ಎಳೆದುಕೊಂಡು ಬಹಳ ಕಾಲವಾಗಿತ್ತು.

ಗುಬ್ಬಿಯ ನಮ್ಮ ಮನೆಗೆ ಆ ಪುಸ್ತಕಗಳು ಬರುತ್ತಿದ್ದುದು ತುಮಕೂರಿನಿಂದ. ಕೆಲಸದ ಮೇಲೆ ಹೋದ ಅಪ್ಪ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿದ್ದ ಪುಸ್ತಕಗಳಲ್ಲಿ ಒಂದನ್ನು ಸುರುಳಿ ಸುತ್ತಿ ತರುತ್ತಿದ್ದರು. ಓದುವವನು ನಾನೊಬ್ಬನೇ ಆಗಿರಲಿಲ್ಲ. ಪಕ್ಕದಲ್ಲಿ ಅಜ್ಜಿ ಕೂರುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಕಥೆ ಮಾತ್ರ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವಳದು ಗುಬ್ಬಿ ಕಂಪನಿಯ ನಾಟಕಗಳ ಮಾತು ಕೇಳುತ್ತಲೇ ಬೆಳೆದ ತಲೆಮಾರು. 1884ರಲ್ಲಿ ಈ ಊರಲ್ಲಿ ಹುಟ್ಟಿದ ಆ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಕೊಂಡೊಯ್ದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಅಜ್ಜಿಯ ಮನಸ್ಸಿನಲ್ಲಿದ್ದ ಭೀಮ, ದುರ್ಯೋಧನ, ಕರ್ಣರಿಗೆ ಆ ರಂಗದ ಅಳತೆಯೇ ಇತ್ತು.

‘ಕರ್ಣ’ ಪುಸ್ತಕ ಬಂದಾಗ ಕವಚಕುಂಡಲದ ಪುಟದಲ್ಲಿ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಬ್ರಾಹ್ಮಣನ ವೇಷದ ಇಂದ್ರ ಬೇಡುತ್ತಾನೆ, ಕರ್ಣ ಕೊಡುತ್ತಾನೆ. ‘ಇಷ್ಟು ಬೇಗ ಕೊಟ್ಬುಟ್ನೇನೋ? ಮೈಗಂಟ್ಕೊಂಡೇ ಹುಟ್ಟಿದ್ದು ಕಣಪ್ಪ ಅದು. ಸುಲಿದು ಕೊಡ್ಬೇಕು. ನೋಯಲ್ವ?’ ಎಂದವಳೇ ಕರ್ಣ ಮೊದಲು ಸೂರ್ಯನ ಕಡೆ ನೋಡಿದ್ದು, ಕತ್ತಿ ಹಿರಿದದ್ದು, ಇಂದ್ರ ಮುಖ ಆಚೆ ತಿರುಗಿಸಿದ್ದು ಎಲ್ಲವನ್ನೂ ಹೇಳಿದಳು. ಯಾವುದೂ ಪುಸ್ತಕದಲ್ಲಿರಲಿಲ್ಲ. ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಬಿಟ್ಟಿದ್ದ ಬೆರಳಗಲಕ್ಕೂ ಕಡಿಮೆಯ ಬಿಳಿ ಜಾಗದೊಳಗಿಂದ ಅವಳು ಅಷ್ಟನ್ನು ತೆಗೆದಳು.

ಚಿತ್ರಕಥೆಯ ಜೀವ ಆ ಬಿಳಿ ಜಾಗದಲ್ಲಿದೆ ಎಂದು ನಾನು ಇವತ್ತಿಗೂ ನಂಬುತ್ತೇನೆ. ಕತ್ತಿ ಎತ್ತಿದ್ದನ್ನು ಚಿತ್ರಕಾರ ಬರೆಯುತ್ತಾನೆ, ಬಿದ್ದದ್ದನ್ನು ಬರೆಯುತ್ತಾನೆ. ಬೀಸಿದ್ದನ್ನು ಓದುಗ ತಾನೇ ಬರೆದುಕೊಳ್ಳಬೇಕು. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಚಿತ್ರಕಥೆಯ ಬಗ್ಗೆ ಚಿತ್ರಕಥೆಯ ರೂಪದಲ್ಲೇ ಒಂದು ಪುಸ್ತಕ ಮಾಡಿ, ಈ ಒಂದು ವಿಷಯಕ್ಕೆ ಇಡೀ ಅಧ್ಯಾಯ ಮೀಸಲಿಟ್ಟಿದ್ದಾರೆ. ಓದುತ್ತಾ ಓದುತ್ತಾ ನನಗೆ ಅಜ್ಜಿಯ ಬೆರಳೇ ಕಾಣುತ್ತಿತ್ತು. ಇಬ್ಬರು ಅಕ್ಕಪಕ್ಕ ಕೂತು, ಒಬ್ಬರು ಅಕ್ಷರ, ಒಬ್ಬರು ಚಿತ್ರ ಓದುತ್ತಾ ಒಂದೇ ಕಥೆಯನ್ನು ಮುಂದಕ್ಕೆ ಒಯ್ಯುವುದು ಬೇರೆ ಯಾವ ಪುಸ್ತಕದಲ್ಲಿ ಸಾಧ್ಯ?

ಬೇಸಿಗೆ ರಜೆಯಲ್ಲಿ ಕುಣಿಗಲ್‌ನ ಚಿಕ್ಕಮ್ಮನ ಮನೆ. ಅಲ್ಲಿ ಇಂದ್ರಜಾಲ ಕಾಮಿಕ್ಸ್ ಸಿಗುತ್ತಿತ್ತು, ಅದರಲ್ಲಿ ಫ್ಯಾಂಟಮ್ ಇದ್ದ. 1936ರಲ್ಲಿ ಲೀ ಫಾಕ್ ಹುಟ್ಟಿಸಿದ ಈ ಮುಸುಕಿನ ವೀರ 1964ರಿಂದ 1990ರವರೆಗೆ ಇಂದ್ರಜಾಲದ ಪುಟಗಳಲ್ಲಿ ನಮ್ಮ ನಡುವೆ ಓಡಾಡಿದ. ಚಿಕ್ಕಮ್ಮನ ಮಗನಿಗೆ ಫ್ಯಾಂಟಮ್‌ಗಿಂತ ಅವನ ಬಿಳಿ ಕುದುರೆ ಹೀರೋ ಮೇಲೆ ಪ್ರಾಣ. ಕುಣಿಗಲ್‌ನಲ್ಲಿ ಹುಟ್ಟಿದವನಿಗೆ ಕುದುರೆ ಹೊಸದಲ್ಲವಲ್ಲ, ಸ್ಟಡ್ ಫಾರ್ಮ್ ಊರಲ್ಲೇ ಇದೆ. ಅವನು ಪುಸ್ತಕದ ಕುದುರೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಬೇಲಿಯ ಹತ್ತಿರ ನಿಂತು ನಿಜವಾದ ಕುದುರೆಗಳ ಜೊತೆ ಹೋಲಿಸಿ ನೋಡುತ್ತಿದ್ದ. ಓಡಿ ಬಂದು ನಿಂತ ಕುದುರೆಯ ಹೊಳ್ಳೆ ಹೇಗೆ ಅರಳಿರುತ್ತದೆ, ಸಿಟ್ಟು ಬಂದಾಗ ಕಿವಿ ಹೇಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ ಎಂದು ನನಗೆ ತೋರಿಸಿಕೊಟ್ಟವನು ಅವನು. ಈಗ ಪಶು ವೈದ್ಯನಾಗಿದ್ದಾನೆ. ದನದ ಮುಖ ನೋಡಿದರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ ಅನ್ನುತ್ತಾನೆ. ಅವನು ಆ ನೋಡುವುದನ್ನು ಕಲಿತ ಜಾಗ ನನಗೆ ಗೊತ್ತು.

ತಮ್ಮನ ಕಾಲಕ್ಕೆ ಬಾಲಮಂಗಳ ಬಂತು. ಕೊಟ್ಟಾಯಂನ ಮಂಗಳಂ ಸಂಸ್ಥೆಯ ಮಕ್ಕಳ ಪತ್ರಿಕೆ ಅದು. 1983ರಲ್ಲಿ ಮಲಯಾಳದಲ್ಲಿ ಹುಟ್ಟಿದ ಡಿಂಗ ಎಂಬ ಇಲಿ ಅದರ ಪುಟಗಳಲ್ಲಿ ಕನ್ನಡದ ಮನೆಮನೆಗೂ ಬಂತು. ಬೇರೆ ಗ್ರಹದವರು ಹಿಡಿದೊಯ್ದು ಪ್ರಯೋಗಕ್ಕೆ ಒಡ್ಡಿದ್ದರಿಂದ ಶಕ್ತಿ ಬಂದ ಇಲಿ ಅದು. ಕಾಡಿನಲ್ಲಿ ಯಾರಿಗೆ ಕಷ್ಟ ಬಂದರೂ ಹಾರಿ ಬರುತ್ತದೆ. ಎಲ್ಲರಿಗಿಂತ ಚಿಕ್ಕ ಪ್ರಾಣಿ ಎಲ್ಲರನ್ನೂ ಕಾಯುವುದು ಮಕ್ಕಳಿಗೆ ಎಷ್ಟು ಹಿತವೋ ಬೆಳೆದವರಿಗೆ ಹೇಳುವುದು ಕಷ್ಟ. ಇಲಿಗಳೆಂದರೆ ಮಕ್ಕಳಾಟ ಅನ್ನುವವರು ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ತೆರೆದು ನೋಡಬೇಕು. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದು ತನ್ನ ತಂದೆ ಆಶ್‌ವಿಟ್ಸ್ ಶಿಬಿರದಿಂದ ಉಳಿದು ಬಂದ ಕಥೆ ಹೇಳಿದ ಆ ಪುಸ್ತಕಕ್ಕೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು.

ನಾನು ಮೇಷ್ಟ್ರಾದೆ. ತುಮಕೂರಿನಲ್ಲಿ ಮನೆ, ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಶಾಲೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಪಾಠ ಓದು ಅಂದರೆ ಎರಡನೇ ಸಾಲಿಗೆ ಗಂಟಲು ಕಟ್ಟಿ ನಿಂತುಬಿಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಹಳೆಯ ಚಿತ್ರಕಥೆಯೊಂದನ್ನು ಕೈಗೆ ಕೊಟ್ಟೆ. ರಾಜನ ಮಾತಿಗೆ ದನಿ ದಪ್ಪ ಮಾಡಿ, ದೂತನ ಮಾತಿಗೆ ತೆಳ್ಳಗೆ ಮಾಡಿ ಪುಟ ಪೂರ್ತಿ ಓದಿದಳು. ಯಾರು ಹೇಳುತ್ತಿದ್ದಾರೆ, ಯಾವ ಮುಖದಲ್ಲಿ ಹೇಳುತ್ತಿದ್ದಾರೆ ಎಂಬುದು ಕಣ್ಣೆದುರಿಗೇ ಇತ್ತು. ಒಂದೊಂದು ಬಲೂನಿನಲ್ಲಿ ಇದ್ದದ್ದು ಒಂದೋ ಎರಡೋ ವಾಕ್ಯ. ಅಕ್ಷರ ಅವಳಿಗೆ ಮೊದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅಕ್ಷರದ ಹಿಂದೆ ಒಬ್ಬ ಮನುಷ್ಯ ಮಾತಾಡುತ್ತಿರುತ್ತಾನೆ ಎಂಬುದು. ಆಮೇಲೆ ಪಠ್ಯಪುಸ್ತಕದ ಸಾಲುಗಳೂ ಅವಳಿಗೆ ನಿಧಾನಕ್ಕೆ ಬಾಯಿಬಿಟ್ಟವು. ಅವಳ ಮನೆಯಲ್ಲಿ ಓದು ಕಲಿತವರಲ್ಲಿ ಅವಳೇ ಮೊದಲಿಗಳು.

ಅದೇ ಹುಡುಗಿ ಇನ್ನೊಂದು ದಿನ ಪುಸ್ತಕ ತಂದು ಕೇಳಿದಳು: ‘ದೇವರೆಲ್ಲ ಬೆಳ್ಳಗವ್ರೆ, ರಾಕ್ಷಸರು ಮಾತ್ರ ನಮ್ ಬಣ್ಣ ಯಾಕೆ ಸಾರ್?’ ನಾನು ಪ್ರೀತಿಸಿದ ಪುಸ್ತಕಗಳ ಮೇಲೆ ದೊಡ್ಡವರು ಎಷ್ಟೋ ವರ್ಷದಿಂದ ಹೇಳುತ್ತಿರುವ ಆಕ್ಷೇಪ ಅದು, ನ್ಯಾಯವಾದದ್ದು. ನಾನು ಅದನ್ನು ಬೋರ್ಡಿನ ಮೇಲೆ ಬರೆದು ಇಡೀ ಕ್ಲಾಸಿನ ಮುಂದಿಟ್ಟೆ. ಚಿತ್ರವನ್ನು ನೆಟ್ಟ ಕಣ್ಣಿಂದ ನೋಡುವ ಮಗು ಚಿತ್ರಕಾರನನ್ನೂ ಪ್ರಶ್ನೆ ಕೇಳುತ್ತದೆ, ಕೇಳಬೇಕು.

ಇಂಥ ಮಕ್ಕಳಿಗೆ ಕನ್ನಡದಲ್ಲಿ ಕೊಡುವುದಕ್ಕೆ ಈಗ ನಮ್ಮಲ್ಲಿ ಏನಿದೆ? ಇಂದ್ರಜಾಲ ಹೋಯಿತು, ಚಂದಮಾಮ 2013ರ ಹೊತ್ತಿಗೆ ನಿಂತಿತು. ನಗರದ ಅಂಗಡಿಯಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಸಂಪುಟಗಳು. ಪಕ್ಕದ ತಮಿಳುನಾಡಿನ ಶಿವಕಾಶಿಯಲ್ಲಿ 1972ರ ಮುತ್ತು ಕಾಮಿಕ್ಸ್, 1984ರ ಲಯನ್ ಕಾಮಿಕ್ಸ್ ಇನ್ನೂ ಉಸಿರಾಡುತ್ತಿವೆ. ಇಟಲಿ, ಬೆಲ್ಜಿಯಂನ ಕಥೆಗಳನ್ನು ತಮಿಳಿಗೆ ತಂದು ಅಚ್ಚು ಹಾಕುತ್ತಾರೆ. ತಲೆ ನೆರೆತ ಓದುಗರು ಚಂದಾ ಮುಂಗಡ ಕಟ್ಟಿ ಆ ಗಾಲಿ ತಿರುಗಿಸುತ್ತಿದ್ದಾರೆ. ಅಭಿಮಾನ ಅಂದರೆ ಅದು. ಡಿಂಗನ ಹೆಸರು ಎತ್ತಿದರೆ ಕಣ್ಣರಳಿಸುವ ನಮ್ಮವರು ಕೆಲಸ, ಸಂಬಳ ಹಿಡಿದು ನೆಲೆ ನಿಂತಿದ್ದಾರೆ, ನೆನಪು ಹಂಚಿಕೊಳ್ಳುತ್ತಾರೆ. ಒಂದು ಹೊಸ ಕನ್ನಡ ಚಿತ್ರಕಥೆಗೆ ಮುಂಗಡ ಕಟ್ಟಿದವರು ನನಗೆ ಸಿಕ್ಕಿಲ್ಲ. ನನಗೆ ಇದು ನೋವಿನ ವಿಷಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡುವ ‘ಓದುವ ಬೆಳಕು’ 2020ರಲ್ಲಿ ಶುರುವಾಯಿತು, ಒಳ್ಳೆಯ ಕೆಲಸ. ಒಳಗೆ ಬಂದ ಮಗು ಮೊದಲು ಕೈ ಹಾಕುವ ಕಪಾಟಿನಲ್ಲಿ ಕನ್ನಡ ಚಿತ್ರಕಥೆ ಇರಬೇಕು. ಪುಸ್ತಕ ಆರಿಸುವವರು ಇಷ್ಟು ನಡೆಸಿಕೊಡಲಿ.

ಈ ವರ್ಷ ನಮ್ಮ ಮಕ್ಕಳು ತಾವೇ ಒಂದು ಚಿತ್ರಕಥೆ ಬರೆಯುತ್ತಿದ್ದಾರೆ. ಗುಬ್ಬಿ ವೀರಣ್ಣನವರ ಜೀವನ. ಚಿಕ್ಕ ಹುಡುಗನಾಗಿ ಕಂಪನಿ ಸೇರಿದ್ದು, 1917ರಲ್ಲಿ ಅದರ ಮಾಲೀಕರಾದದ್ದು ಆಗಿದೆ. ಈಗ ರಂಗದ ಮೇಲೆ ಆನೆ ತರುವ ಪುಟ. ಆನೆ ಚೌಕದೊಳಗೆ ಹಿಡಿಯುತ್ತಿಲ್ಲ. ಸೊಂಡಿಲನ್ನು ಗೆರೆ ದಾಟಿಸಿ ಪಕ್ಕದ ಚೌಕಕ್ಕೆ ಬಿಡೋಣ ಅಂತ ಒಬ್ಬ, ಪುಟ ಪೂರ್ತಿ ಆನೆಗೇ ಕೊಡೋಣ ಅಂತ ಆ ಹುಡುಗಿ. ಎರಡೂ ಬರೆದು ನೋಡಿ ಅಂದಿದ್ದೇನೆ. ಮುಗಿದ ಮೇಲೆ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡುವುದೆಂದು ಮಾತಾಗಿದೆ.